ಡೇಟಾ ಲೀಕ್ ಆಯ್ತಾ? ಸಿಬಿಲ್ ಕಾಪಾಡ್ಕೊಳ್ಳೋದು, ಪರಿಹಾರ ಕೇಳೋದು ಹೆಂಗೆ

ಯಾವುದೋ ಆ್ಯಪ್‌ದು ಡೇಟಾ ಲೀಕ್ ಆಯ್ತು ಅಂತ ನ್ಯೂಸ್ ಬಂದ ದಿನ ಬೆಂಗಳೂರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಅಯ್ಯೋ ನಮ್ಮ ಆಧಾರ್ ಎಲ್ಲಿಲ್ಲ ಹೇಳಿ, ಪಿಜಿ ಓನರ್ ವಾಟ್ಸಾಪಲ್ಲಿದೆ, ಜೆರಾಕ್ಸ್ ಅಂಗಡಿ ಕಂಪ್ಯೂಟರಲ್ಲಿದೆ, ಸಿಮ್ ಕೊಟ್ಟೋನ ಹತ್ರ ಇದೆ, ಏನಾಗುತ್ತೆ ಬಿಡಿ". ಮಾತು ಸುಳ್ಳೇನಲ್ಲ. ಆದ್ರೆ ಆರು ತಿಂಗಳು ಬಿಟ್ಟು ಹೋಮ್ ಲೋನ್‌ಗೆ ಅಂತ ಬ್ಯಾಂಕಿಗೆ ಹೋದಾಗ "ಸರ್ ನಿಮ್ಮ ಹೆಸರಲ್ಲಿ ಒಂದು ಲೋನ್ ಓವರ್‌ಡ್ಯೂ ಇದೆಯಲ್ಲ" ಅಂದ್ರೆ ಆಗ ಓಡಾಡೋರು ಯಾರು? ನೀವೇ.

ಮೊದಲೇ ಒಂದು ವಿಷ್ಯ ಹೇಳ್ಬಿಡ್ತೀನಿ, ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ. ನಮ್ಮ ದೇಶದಲ್ಲಿ ಡೇಟಾ ಲೀಕ್ ಆಯ್ತು ಅಂದ ಮಾತ್ರಕ್ಕೆ ಯಾರೂ ದುಡ್ಡು ಕೊಡಲ್ಲ. ದುಡ್ಡು ಸಿಗೋದು ಹೆಚ್ಚಾಗಿ ಲೀಕ್ ಆದ್ಮೇಲೆ ಯಾರು ತಡ ಮಾಡಿದ್ರು ಅನ್ನೋದರ ಮೇಲೆ. ಬ್ಯಾಂಕಿಗೆ ಇಷ್ಟು ದಿನ, ಸಿಬಿಲ್‌ಗೆ (ನಿಮ್ಮ ಸಾಲದ ದಾಖಲೆ ಇಡೋ ಕಂಪನಿ) ಇಷ್ಟು ದಿನ, ನಿಮಗೆ ಇಷ್ಟು ದಿನ ಅಂತ ರಿಸರ್ವ್ ಬ್ಯಾಂಕ್ ಗಡುವು ಹಾಕಿದೆ. ನೀವು ನಿಮ್ಮ ಗಡುವಿನೊಳಗೆ ಬರಹದಲ್ಲಿ ದೂರು ಕೊಟ್ಟಿದ್ರೆ ಆಮೇಲಿನ ತಡ ಅವರ ತಲೆಗೆ, ಕೊಟ್ಟಿಲ್ಲ ಅಂದ್ರೆ ನಿಮ್ಮ ತಲೆಗೆ. ಅದಕ್ಕೇ ಫೋನಲ್ಲಿ ಕಸ್ಟಮರ್ ಕೇರ್‌ಗೆ ಒಂದು ಗಂಟೆ ಕೂಗಾಡೋದಕ್ಕಿಂತ ಎರಡು ಸಾಲಿನ ಈಮೇಲ್ ಎಷ್ಟೋ ಮೇಲು.

ಏನು ಲೀಕ್ ಆಗಿದೆ ಅಂತ ಮೊದಲು ನೋಡಿ

ಎಲ್ಲ ಲೀಕೂ ಒಂದೇ ಅಲ್ಲ. 2020ರಲ್ಲಿ ನಮ್ಮೂರಿನದೇ ಬಿಗ್‌ಬಾಸ್ಕೆಟ್ ಡೇಟಾ ಲೀಕ್ ಆಯ್ತು, ಸುಮಾರು ಎರಡು ಕೋಟಿ ಗ್ರಾಹಕರ ಮಾಹಿತಿ ಅಂತ ಸುದ್ದಿ ಬಂತು, ಕಂಪನಿಯವರು ಬೆಂಗಳೂರು ಸೈಬರ್ ಕ್ರೈಮ್ ಪೊಲೀಸರಿಗೆ ದೂರು ಕೊಟ್ರು, ಕಾರ್ಡ್ ನಂಬರ್ ನಾವು ಇಟ್ಕೊಳ್ಳೋದೇ ಇಲ್ಲ ಅಂದ್ರು. ಅಲ್ಲಿ ಹೋಗಿದ್ದು ಹೆಸರು, ಫೋನು, ಅಡ್ರೆಸ್ಸು ಇಂಥವು. 2024ರಲ್ಲಿ ಸ್ಟಾರ್ ಹೆಲ್ತ್ ಇನ್ಶೂರೆನ್ಸ್‌ದು ಆದಾಗ ಕ್ಲೇಮ್ ಪೇಪರ್‌ಗಳೇ ಟೆಲಿಗ್ರಾಮ್ ಬಾಟ್‌ನಲ್ಲಿ ಸಿಗ್ತಾ ಇದ್ವು. ಎರಡಕ್ಕೂ ಅಪಾಯ ಬೇರೆ ಬೇರೆ. ಇನ್ನೊಂದು ಸಮಾಧಾನ, 2022ರ ಅಕ್ಟೋಬರ್‌ನಿಂದ ಶಾಪಿಂಗ್ ಸೈಟ್‌ಗಳು ಪೂರ್ತಿ ಕಾರ್ಡ್ ನಂಬರ್ ಸೇವ್ ಮಾಡೋ ಹಂಗಿಲ್ಲ, ಅದರ ಬದಲಿಗೆ ಟೋಕನ್ ಅನ್ನೋ ಬೇರೆ ಕೋಡ್ ಮಾತ್ರ, ಹಾಗಾಗಿ ಆಮೇಲೆ ಸೇವ್ ಮಾಡಿದ ಕಾರ್ಡ್ ಬಗ್ಗೆ ಗಾಬರಿ ಕಮ್ಮಿ ಇರ್ಲಿ.

ಫೋನು ಅಡ್ರೆಸ್ಸು ಮಾತ್ರ ಹೋಗಿದ್ರೆ ಬರೋದು ಮೋಸದ ಕಾಲ್‌ಗಳು. ನೀವು ಏನು ಆರ್ಡರ್ ಮಾಡಿದ್ರಿ ಅಂತ ಕರೆಕ್ಟಾಗಿ ಹೇಳಿ ನಂಬಿಸ್ತಾರೆ, ರೀಫಂಡ್ ಅಂತಾರೆ, ಕೆವೈಸಿ ಅಂತಾರೆ. ಪ್ಯಾನ್, ಆಧಾರ್, ಹುಟ್ಟಿದ ದಿನ, ಸೆಲ್ಫಿ ಇವೆಲ್ಲ ಒಟ್ಟಿಗೆ ಹೋಗಿದ್ರೆ ಮಾತ್ರ ನಿಮ್ಮ ಹೆಸರಲ್ಲಿ ಸಾಲ ಎತ್ತೋ ಅಪಾಯ ಜಾಸ್ತಿ.

ಕಂಪನಿಯಿಂದ ಈಮೇಲೋ ಎಸ್ಸೆಮ್ಮೆಸ್ಸೋ ಬಂದಿದ್ರೆ ಡಿಲೀಟ್ ಮಾಡ್ಬೇಡಿ, ಸ್ಕ್ರೀನ್‌ಶಾಟ್ ಸಾಲದು, ಮೂಲ ಮೇಲ್ ಹಂಗೇ ಇರ್ಲಿ. ಬಂದಿಲ್ಲ ಅಂದ್ರೆ ಸುದ್ದಿಯ ಕಾಪಿ ತೆಗೆದಿಟ್ಟು ಕಂಪನಿಯಲ್ಲಿ ದೂರು ನೋಡ್ಕೊಳ್ಳೋ ಗ್ರೀವೆನ್ಸ್ ಆಫೀಸರ್‌ಗೆ "ನನ್ನ ಯಾವ ಯಾವ ಮಾಹಿತಿ ಹೋಗಿದೆ, ಯಾವ ದಿನ ಹೋಗಿದೆ, ನಿಮಗೆ ಯಾವಾಗ ಗೊತ್ತಾಯ್ತು" ಅಂತ ಮೂರು ಪ್ರಶ್ನೆ ಬರೆದು ಕಳಿಸಿ. ಉತ್ತರ ಬರ್ದೇ ಇದ್ರೂ ಪರ್ವಾಗಿಲ್ಲ, ಕೇಳಿದ್ದಕ್ಕೆ ದಾಖಲೆ ಆಯ್ತು.

ಅವತ್ತೇ ಮಾಡೋ ಕೆಲಸ

ಮೊದಲು ಈಮೇಲ್ ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕ್‌ದು ಆಮೇಲೆ. ಯಾಕಂದ್ರೆ ಈಮೇಲ್ ಕೈಗೆ ಸಿಕ್ರೆ ಬಾಕಿ ಎಲ್ಲದರ ಪಾಸ್‌ವರ್ಡನ್ನೂ ರೀಸೆಟ್ ಮಾಡ್ಬಹುದು. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್‌ನ ಇಂಟರ್‌ನ್ಯಾಷನಲ್ ಬಳಕೆ ಆಫ್ ಮಾಡಿ, ಆನ್‌ಲೈನ್ ಲಿಮಿಟ್ ಇಳಿಸಿ.

ಆಮೇಲೆ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ಗೆ ಹೋಗಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ನೋಡಿ. ಗೊತ್ತಿಲ್ಲದ ನಂಬರ್ ಕಂಡ್ರೆ ನನ್ನದಲ್ಲ ಅಂತ ಅಲ್ಲೇ ರಿಪೋರ್ಟ್ ಮಾಡ್ಬಹುದು. ಮನೇಲಿ ಅಮ್ಮಂಗೆ, ಅತ್ತೆಗೆ ನಿಮ್ಮ ಹೆಸರಲ್ಲೇ ಸಿಮ್ ತೆಗೆಸಿಕೊಟ್ಟಿರ್ತೀರಾ, ಅದನ್ನ ಮರೆತು ಕಟ್ ಮಾಡಿಸ್ಬೇಡಿ ಮತ್ತೆ.

ಆಧಾರ್ ಹೋಗಿದ್ರೆ ಬಯೋಮೆಟ್ರಿಕ್ ಲಾಕ್ ಮಾಡ್ಲೇಬೇಕು, ಇದನ್ನ ಬೆಂಗಳೂರಿನವರಿಗೆ ಒತ್ತಿ ಹೇಳೋಕೆ ಕಾರಣ ಇದೆ. 2023ರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸೈಟು, ಫ್ಲಾಟು ರಿಜಿಸ್ಟರ್ ಮಾಡಿಸಿ ಬಂದವರ ಅಕೌಂಟಿಂದ ಓಟಿಪಿ ಬರ್ದೇನೇ ದುಡ್ಡು ಹೋಯ್ತು ಅಂತ ಸಾಲು ಸಾಲು ದೂರು ಬಂದ್ವು. ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಗುರುತು, ಆಧಾರ್ ನಂಬರ್ ಎರಡೂ ಒಂದೇ ಕಡೆ ಇರುತ್ತಲ್ಲ, ಅದನ್ನ ಇಟ್ಕೊಂಡು ಆಧಾರ್ ಆಧಾರಿತ ಪೇಮೆಂಟ್ ವ್ಯವಸ್ಥೆಯಲ್ಲಿ ದುಡ್ಡು ಎಳೆದಿದ್ದಾರೆ ಅಂತ ಪೊಲೀಸರಿಗೆ ಅನುಮಾನ ಬಂತು. ಸತ್ಯ ಹೇಳ್ಬೇಕಂದ್ರೆ ಪಾಸ್‌ವರ್ಡ್ ಬದಲಾಯಿಸ್ಬಹುದು, ಬೆರಳು ಬದಲಾಯಿಸೋಕಾಗಲ್ಲ. ಎಂಆಧಾರ್ ಆ್ಯಪಲ್ಲಿ ಅಥವಾ ಮೈಆಧಾರ್ ಸೈಟಲ್ಲಿ ಲಾಕ್ ಬಯೋಮೆಟ್ರಿಕ್ಸ್ ಅಂತ ಇದೆ, ಒಂದು ನಿಮಿಷದ ಕೆಲಸ. ರೇಷನ್ ಅಂಗಡೀಲಿ ಬೆರಳು ಒತ್ತಬೇಕಾದಾಗ ಸ್ವಲ್ಪ ಹೊತ್ತಿಗೆ ಅನ್‌ಲಾಕ್ ಮಾಡ್ಕೋಬಹುದು. ಅದೇ ಸೈಟಲ್ಲಿ ಆಥೆಂಟಿಕೇಷನ್ ಹಿಸ್ಟರಿನೂ ಸಿಗುತ್ತೆ, ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಉಪಯೋಗ ಆಗಿದೆ ಅಂತ, ಗೊತ್ತಿಲ್ಲದ್ದು ಕಂಡ್ರೆ ಪಿಡಿಎಫ್ ಇಳಿಸಿಟ್ಕೊಳ್ಳಿ.

ಕ್ರೆಡಿಟ್ ರಿಪೋರ್ಟ್ ತೆಗೆಯೋದು

ನಾವು ಎಲ್ಲದಕ್ಕೂ ಸಿಬಿಲ್ ಅಂತೀವಿ, ಆದ್ರೆ ಕಂಪನಿಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಕೊಡ್ಬೇಕು, 2017ರಿಂದ ಇದು ರಿಸರ್ವ್ ಬ್ಯಾಂಕ್ ರೂಲು. ಅವರವರ ಸ್ವಂತ ವೆಬ್‌ಸೈಟಿಗೇ ಹೋಗಿ. ಫ್ರೀ ಸ್ಕೋರ್ ಅಂತ ಲೋನ್ ಮಾರೋ ಆ್ಯಪ್‌ಗಳಿಗೆ ಮತ್ತೆ ಪ್ಯಾನ್ ಕೊಡೋದು, ಲೀಕ್ ಆದ್ಮೇಲೆ, ಯಾಕ್ರೀ ಬೇಕು?

ನಾಲ್ಕನ್ನೂ ಒಂದೇ ದಿನ ತೆಗೀಬೇಡಿ. ಲೋನ್ ಕೊಡೋ ಪ್ರತಿ ಸಂಸ್ಥೆನೂ ನಾಲ್ಕೂ ಕಡೆ ಮೆಂಬರ್ ಆಗಿರ್ಬೇಕು ಅಂತ 2015ರಲ್ಲೇ ಆದೇಶ ಆಗಿದೆ, ಅಂದ್ರೆ ಕೊಟ್ಟ ಸಾಲ ನಾಲ್ಕೂ ರಿಪೋರ್ಟಲ್ಲಿ ಕಾಣ್ಬೇಕು. ಆದ್ರೆ ಎನ್‌ಕ್ವೈರಿ, ಅಂದ್ರೆ ಸಾಲ ಕೊಡೋರು ನಿಮ್ಮ ರಿಪೋರ್ಟ್ ತೆಗೆದು ನೋಡಿದ ದಾಖಲೆ, ಹಂಗಲ್ಲ, ಯಾರ ಹತ್ರ ಚೆಕ್ ಮಾಡಿದ್ರೋ ಅವರಲ್ಲಿ ಮಾತ್ರ ಇರುತ್ತೆ. ಹಾಗಾಗಿ ಈಗ ಎರಡು ತೆಗೀರಿ, ಮೂರು ತಿಂಗಳಿಗೆ ಒಂದು, ಅದಾಗಿ ಇನ್ನೊಂದು. ಲೀಕ್ ಆದ ಮಾಹಿತಿ ಅವತ್ತೇ ಬಳಕೆ ಆಗ್ಬೇಕು ಅಂತೇನಿಲ್ಲ, ಮಾರಿ ಮಾರಿ ಎಷ್ಟೋ ತಿಂಗಳು ಸುತ್ತುತ್ತೆ.

ರಿಪೋರ್ಟ್ ಬಂದಾಗ ಎಲ್ಲರೂ ಮೊದಲು ನೋಡೋದು ಸ್ಕೋರು. ಸ್ಕೋರ್ ಬಿಡಿ, ಕೊನೇ ಪುಟಕ್ಕೆ ಹೋಗಿ ಎನ್‌ಕ್ವೈರಿ ಪಟ್ಟಿ ನೋಡಿ. ಮೆಂಬರ್ ಹೆಸರು, ದಿನಾಂಕ, ಯಾವ ಥರ ಲೋನು, ಎಷ್ಟು ಮೊತ್ತ ಅಂತ ಸಾಲಾಗಿ ಇರುತ್ತೆ. ಯಾವುದೋ ಫೈನಾನ್ಸ್ ಕಂಪನಿ, ಪರ್ಸನಲ್ ಲೋನ್, ಐದು ಸಾವಿರ ಅಂತ ಒಂದು ಸಾಲು, ಎರಡು ದಿನ ಬಿಟ್ಟು ಇನ್ನೊಂದು ಕಂಪನಿ, ಮತ್ತೆ ಅದೇ ಥರ ಸಣ್ಣ ಮೊತ್ತ, ನೀವು ಅರ್ಜಿನೇ ಹಾಕಿಲ್ಲ ಅಂದ್ರೆ ಯಾರೋ ನಿಮ್ಮ ಪ್ಯಾನ್ ಇಟ್ಕೊಂಡು ಬಾಗಿಲು ಬಾಗಿಲು ತಟ್ತಾ ಇದ್ದಾರೆ ಅಂತ. ಆಮೇಲೆ ಅಕೌಂಟ್ ಪಟ್ಟಿ, ಆಮೇಲೆ ಅಡ್ರೆಸ್ ಮತ್ತೆ ಫೋನ್ ನಂಬರ್ ಭಾಗ. ನೀವು ಹುಟ್ಟಿದಾಗಿಂದ ಬಸವನಗುಡಿಯಲ್ಲೇ ಇದ್ದು ರಿಪೋರ್ಟಲ್ಲಿ ಯಾವುದೋ ರಾಜ್ಯದ ಅಡ್ರೆಸ್ ಕಂಡ್ರೆ ಅದೂ ಸುಳಿವೇ.

ಇಲ್ಲಿ ಒಂದು ಗೊಂದಲ ಆಗುತ್ತೆ. ಆ್ಯಪ್ ಹೆಸರು ರಿಪೋರ್ಟಲ್ಲಿ ಇರಲ್ಲ, ಆ್ಯಪ್ ಹಿಂದೆ ದುಡ್ಡು ಕೊಡೋ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ) ಹೆಸರು ಇರುತ್ತೆ. ಬೈ ನೌ ಪೇ ಲೇಟರ್ ಅಂತ ನೀವೇ ಒತ್ತಿದ್ದು ಎಷ್ಟೋ ಸಲ ಇಂಥ ಗೊತ್ತಿಲ್ಲದ ಹೆಸರಲ್ಲಿ ಬಂದಿರುತ್ತೆ. ಹೆಸರನ್ನ ಒಂದ್ಸಲ ಹುಡುಕಿ, ಯಾವ ಆ್ಯಪ್ ಜೊತೆ ಕೆಲಸ ಮಾಡ್ತಾರೆ ನೋಡಿ, ಆಮೇಲೆ ಫ್ರಾಡ್ ಅನ್ನಿ.

ಅಮೆರಿಕದಲ್ಲಿ ಕ್ರೆಡಿಟ್ ಫ್ರೀಜ್ ಅಂತ ಇದೆ, 2018ರಿಂದ ಕಾನೂನು ಪ್ರಕಾರ ಫ್ರೀ, ಫ್ರೀಜ್ ಮಾಡಿದ್ರೆ ನಿಮ್ಮ ಹೆಸರಲ್ಲಿ ಹೊಸ ಸಾಲ ಕೊಡೋದೇ ಕಷ್ಟ. ಅಂಥ ಹಕ್ಕು ನಮಗೆ ಇನ್ನೂ ಕಾನೂನಲ್ಲಿ ಸಿಕ್ಕಿಲ್ಲ. ಸಿಕ್ಕಿರೋದು ಅಲರ್ಟ್. 2023ರ ಅಕ್ಟೋಬರ್‌ನ ರಿಸರ್ವ್ ಬ್ಯಾಂಕ್ ಆದೇಶದ ಪ್ರಕಾರ ಯಾವ ಬ್ಯಾಂಕಾದ್ರೂ ನಿಮ್ಮ ರಿಪೋರ್ಟ್ ತೆಗೆದ್ರೆ ನಿಮಗೆ ಎಸ್ಸೆಮ್ಮೆಸ್ ಅಥವಾ ಈಮೇಲ್ ಬರ್ಬೇಕು. ಅದಕ್ಕೆ ನಿಮ್ಮ ಈಗಿನ ನಂಬರ್ ಕ್ರೆಡಿಟ್ ಕಂಪನಿ ಹತ್ರ ಇರ್ಬೇಕಲ್ಲ, ಹಳೇ ಸಿಮ್ ನಂಬರೇ ಇದ್ರೆ ಮೆಸೇಜ್ ಯಾರಿಗೋ ಹೋಗ್ತಾ ಇರುತ್ತೆ. ರಿಪೋರ್ಟ್ ತೆಗೆಯುವಾಗಲೇ ಇದನ್ನ ಸರಿ ಮಾಡ್ಸಿ.

ನಿಮ್ಮದಲ್ಲದ ಸಾಲ ಕಂಡ್ರೆ

ಎರಡು ಕಡೆ ಒಂದೇ ದಿನ ದೂರು ಹಾಕಿ. ಒಂದು, ರಿಪೋರ್ಟ್ ಕೊಟ್ಟ ಕಂಪನಿಯ ಸೈಟಲ್ಲಿ ಡಿಸ್ಪ್ಯೂಟ್, ದುಡ್ಡು ಬೇಕಿಲ್ಲ. ಎರಡು, ಸಾಲ ಕೊಟ್ಟವರ ಗ್ರೀವೆನ್ಸ್ ಆಫೀಸರ್‌ಗೆ ಈಮೇಲ್. ಸಿಬಿಲ್‌ನವರು ತಾವಾಗೇ ಏನೂ ಅಳಿಸಲ್ಲ, ಸಾಲ ಕೊಟ್ಟವರು ಹೌದು ಅಂದ್ಮೇಲೇ ಬದಲಾಯಿಸೋದು, ಆದ್ರಿಂದ ನಿಜವಾದ ಒತ್ತಡ ಹಾಕೋದು ಸಾಲ ಕೊಟ್ಟವರಿಗೆ ಕಳಿಸೋ ಈಮೇಲೇ. ಅದನ್ನ ಸುಮಾರು ಹೀಗೆ ಬರೀರಿ:

"ಇಂಥ ದಿನಾಂಕದ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ ನಿಮ್ಮ ಸಂಸ್ಥೆಯ ಇಂಥ ನಂಬರಿನ ಸಾಲ ಕಾಣಿಸುತ್ತಿದೆ. ಈ ಸಾಲಕ್ಕೆ ನಾನು ಅರ್ಜಿ ಹಾಕಿಲ್ಲ, ಹಣ ನನ್ನ ಯಾವ ಖಾತೆಗೂ ಬಂದಿಲ್ಲ. ಅರ್ಜಿಯ ಪ್ರತಿ, ಕೆವೈಸಿ ದಾಖಲೆ ಮತ್ತು ಸೆಲ್ಫಿ, ಓಟಿಪಿ ಹೋದ ಮೊಬೈಲ್ ನಂಬರ್, ಹಣ ಜಮಾ ಆದ ಖಾತೆಯ ವಿವರ ಕೊಡಿ. ತಪ್ಪು ಮಾಹಿತಿಯನ್ನು ಸರಿಪಡಿಸಿ ಕ್ರೆಡಿಟ್ ಕಂಪನಿಗಳಿಗೆ ತಿಳಿಸಿ."

ಇದರಲ್ಲಿ ಜೀವಾಳ ಇರೋದು ಜಮಾ ಆದ ಖಾತೆ. ಆ ಖಾತೆ ನಿಮ್ಮದಲ್ಲ, ಓಟಿಪಿ ಹೋದ ನಂಬರೂ ನಿಮ್ಮದಲ್ಲ ಅಂತಾದ್ರೆ ಅವರಿಗೆ ವಾದ ಮಾಡೋಕೆ ಜಾಸ್ತಿ ಏನೂ ಉಳಿಯಲ್ಲ.

ಈಗ ಗಡುವಿನ ಲೆಕ್ಕ. ಸಾಲ ಕೊಟ್ಟವರಿಗೆ 21 ದಿನ, ಸರಿ ಮಾಡಿದ ಮಾಹಿತಿ ಕಳಿಸೋಕೆ. ಒಟ್ಟು ಮುಗಿಯೋಕೆ 30 ದಿನ, ರಜಾ ದಿನಾನೂ ಸೇರಿಸಿ. ಅದು ದಾಟಿದ್ರೆ ದಿನಕ್ಕೆ 100 ರೂಪಾಯಿ ನಿಮಗೆ ಕೊಡ್ಬೇಕು, 2024ರ ಏಪ್ರಿಲ್ ಕೊನೆಯಿಂದ ಈ ರೂಲು ಚಾಲ್ತಿಯಲ್ಲಿದೆ. 21 ದಿನದಲ್ಲಿ ಬ್ಯಾಂಕ್ ಮುಗಿಸಿಲ್ಲ ಅಂದ್ರೆ ಬ್ಯಾಂಕ್ ಕೊಡ್ಬೇಕು, ಬ್ಯಾಂಕ್ ಟೈಮಿಗೆ ಕಳಿಸಿ ಸಿಬಿಲ್‌ನವರು ಕೂತ್ಕೊಂಡಿದ್ರೆ ಅವರು ಕೊಡ್ಬೇಕು. ದೂರು ಮುಗಿದ ಐದು ಕೆಲಸದ ದಿನದೊಳಗೆ ಅಕೌಂಟಿಗೆ ಹಾಕ್ಬೇಕು, ಅದಕ್ಕೇ ದೂರಿನ ಫಾರಂನಲ್ಲಿ ಬ್ಯಾಂಕ್ ಅಕೌಂಟ್ ಅಥವಾ ಯುಪಿಐ ಐಡಿ ಕೇಳೋದು, ಖಾಲಿ ಬಿಡ್ಬೇಡಿ. ಸ್ಕೋರ್ ಯಾಕೆ ಕಮ್ಮಿ ಅನ್ನೋ ಜಗಳಕ್ಕೆ ಈ ನೂರು ರೂಪಾಯಿ ಸಿಗಲ್ಲ, ತಪ್ಪು ಮಾಹಿತಿಗೆ ಮಾತ್ರ. ಮೊತ್ತ ಸಣ್ಣದು ಅಂತ ನಗ್ಬಹುದು, ಆದ್ರೆ ದಿನ ಉರುಳಿದಂಗೆ ಮೀಟರ್ ಓಡುತ್ತೆ ಅಂತ ಗೊತ್ತಾದ್ರೆ ಫೈಲ್ ಮೇಲೆ ಯಾರಾದ್ರೂ ಕೈ ಇಡ್ತಾರೆ.

ಈ ಮಧ್ಯೆ ರಿಕವರಿ ಕಾಲ್ ಶುರು ಆಗುತ್ತೆ. "ಸಣ್ಣ ಅಮೌಂಟ್ ಅಲ್ವಾ ಸರ್, ಕಟ್ಟಿ ಸೆಟಲ್ ಮಾಡ್ಕೊಳ್ಳಿ, ತಲೆನೋವು ಹೋಗುತ್ತೆ" ಅಂತಾರೆ. ಕಟ್ಟಲೇಬೇಡಿ. ಕಟ್ಟಿದ್ರೆ ಸಾಲ ನಿಮ್ಮದೇ ಅಂತ ಒಪ್ಕೊಂಡಂಗೆ ಆಗುತ್ತೆ, ಮೇಲಿಂದ ರಿಪೋರ್ಟಲ್ಲಿ ಸೆಟಲ್ಡ್ ಅಂತ ಬೀಳುತ್ತೆ, ಅದು ಮುಂದೆ ಸಾಲ ಕೊಡೋರ ಕಣ್ಣಿಗೆ ಚೆನ್ನಾಗಿ ಕಾಣಲ್ಲ. ದೂರಿನ ನಂಬರ್ ಹೇಳಿ, ಮುಂದಿನ ಮಾತೆಲ್ಲ ಈಮೇಲಲ್ಲಿ ಅನ್ನಿ.

ಅಕೌಂಟಿಂದ ದುಡ್ಡೇ ಹೋಗಿದ್ರೆ

ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್, ತಕ್ಷಣ. ದುಡ್ಡು ಕಳ್ಳರ ಅಕೌಂಟ್ ದಾಟೋ ಮುಂಚೆ ತಡೆ ಹಾಕ್ಸೋಕೆ ಇದೇ ದಾರಿ. ಲೈನ್ ಸಿಗ್ತಿಲ್ಲ ಅಂದ್ರೆ ಕಾಯ್ಬೇಡಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಹಾಕಿ. ಜೊತೆಗೇ ಬ್ಯಾಂಕಿಗೆ ಹೇಳಿ, ಮತ್ತೆ ಅದೇ ಮಾತು, ಈಮೇಲೂ ಮಾಡಿ.

2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ತಪ್ಪು ಬ್ಯಾಂಕಿಂದೇ ಆಗಿದ್ರೆ ನಿಮಗೆ ನಯಾ ಪೈಸೆ ಹೊಣೆ ಇಲ್ಲ. ತಪ್ಪು ಬ್ಯಾಂಕಿಂದೂ ಅಲ್ಲ ನಿಮ್ಮದೂ ಅಲ್ಲ, ಮಧ್ಯೆ ಎಲ್ಲೋ ಆಗಿದೆ ಅಂದ್ರೆ, ಡೇಟಾ ಲೀಕ್ ಕೇಸುಗಳು ಬಹಳಷ್ಟು ಇಲ್ಲೇ ಬರೋದು, ಬ್ಯಾಂಕ್ ಮೆಸೇಜ್ ಬಂದ ದಿನ ಬಿಟ್ಟು ಮೂರು ಕೆಲಸದ ದಿನದೊಳಗೆ ಹೇಳಿದ್ರೆ ಪೂರ್ತಿ ದುಡ್ಡು ವಾಪಸ್. ನಾಲ್ಕರಿಂದ ಏಳು ದಿನ ಆದ್ರೆ ಸಾಮಾನ್ಯ ಸೇವಿಂಗ್ಸ್ ಅಕೌಂಟಲ್ಲಿ ಹೆಚ್ಚಂದ್ರೆ 10,000 ರೂಪಾಯಿ ನಿಮ್ಮ ತಲೆಗೆ, ಲಿಮಿಟ್ 5 ಲಕ್ಷ ದಾಟಿದ ಕ್ರೆಡಿಟ್ ಕಾರ್ಡಿಗೆ 25,000. ಏಳು ದಾಟಿದ್ರೆ ಆ ಬ್ಯಾಂಕಿನ ಪಾಲಿಸಿ ಏನು ಹೇಳುತ್ತೋ ಅದು. ಓಟಿಪಿ, ಪಿನ್ ನೀವೇ ಕೊಟ್ಟಿದ್ರೆ ಬ್ಯಾಂಕಿಗೆ ಹೇಳೋವರೆಗೆ ಹೋದದ್ದು ನಿಮ್ಮದು, ಹೇಳಿದ ಮೇಲೆ ಹೋದದ್ದು ಬ್ಯಾಂಕಿಂದು. ಎರಡನೇ ಶನಿವಾರ, ಭಾನುವಾರ, ಹಬ್ಬ ಎಲ್ಲ ಕೆಲಸದ ದಿನದ ಲೆಕ್ಕದಿಂದ ಹೊರಗೆ, ಆದ್ರೆ ಅದನ್ನ ನಂಬ್ಕೊಂಡು ಕೂರ್ಬೇಡಿ.

ಹೇಳಿದ ಹತ್ತು ಕೆಲಸದ ದಿನದಲ್ಲಿ ಆ ಮೊತ್ತವನ್ನ ಬ್ಯಾಂಕ್ ತಾತ್ಕಾಲಿಕವಾಗಿ ಅಕೌಂಟಿಗೆ ಹಾಕ್ಬೇಕು, 90 ದಿನದಲ್ಲಿ ದೂರು ಮುಗಿಸ್ಬೇಕು. ಬ್ರಾಂಚಲ್ಲಿ "ಓಟಿಪಿ ಹಾಕಿದ್ದೀರಲ್ಲ, ನಮ್ಮ ಕೈಲಿ ಏನಿಲ್ಲ" ಅಂತ ಕಳಿಸ್ತಾರೆ. ಗ್ರಾಹಕನದೇ ತಪ್ಪು ಅಂತ ಸಾಬೀತು ಮಾಡೋ ಹೊಣೆ ಬ್ಯಾಂಕಿಂದು ಅಂತ ಅದೇ ಸುತ್ತೋಲೆಯಲ್ಲಿ ಬರೆದಿದೆ, ಪ್ರಿಂಟ್ ತಗೊಂಡು ಆ ಸಾಲಿಗೆ ಗೆರೆ ಎಳೆದು ಮುಂದಿಡಿ.

ಪೊಲೀಸ್ ಸ್ಟೇಷನ್

ಬೆಂಗಳೂರಲ್ಲಿ ಡಿವಿಷನ್‌ಗೊಂದು ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆ ಇದೆ, ಸೈಬರ್ ಕೇಸ್ ಅಲ್ಲಿ ತಗೋತಾರೆ. ದುಡ್ಡು ಹೋಗಿಲ್ಲ, ಬರೀ ಸುಳ್ಳು ಸಾಲ ಇದೆ ಅಂದ್ರೂ ದೂರು ಕೊಡ್ಬಹುದು, ಬೇರೆಯವರ ಗುರುತು ಬಳಸಿ ಮೋಸ ಮಾಡೋದು ಐಟಿ ಕಾಯ್ದೆ 66ಸಿ ಪ್ರಕಾರ ಅಪರಾಧ. 1930ರ ಅಕ್ನಾಲೆಜ್‌ಮೆಂಟ್ ನಂಬರ್ ಎಫ್‌ಐಆರ್ ಅಲ್ಲ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಎಫ್‌ಐಆರ್ ಬೇಕು ಅಂತ ಕೇಳಿ, ಕಾಪಿ ಫ್ರೀ. ತಗೊಳ್ಳಲ್ಲ ಅಂದ್ರೆ ಡಿಸಿಪಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ. ಕನ್ನಡದಲ್ಲೇ ಬರೀರಿ, ಬರೆದುಕೊಡೋ ಲಾಯರ್ ಬೇಕಿಲ್ಲ: ಯಾವತ್ತು ಗೊತ್ತಾಯ್ತು, ಏನು ಕಂಡ್ತು, ಯಾರಿಗೆ ಹೇಳಿದ್ರಿ, ಅಷ್ಟು ಸಾಕು.

ಪರಿಹಾರ ಎಲ್ಲಿ ಕೇಳೋದು

ಬ್ಯಾಂಕ್, ಎನ್‌ಬಿಎಫ್‌ಸಿ, ಸಿಬಿಲ್ ಥರದ ಕಂಪನಿ ಮೇಲಿನ ದೂರಿಗೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್, ಅಂದ್ರೆ ಗ್ರಾಹಕರ ದೂರು ತೀರ್ಮಾನ ಮಾಡೋ ಅಧಿಕಾರಿ. ಮೊದಲು ಅವರಿಗೇ ದೂರು ಕೊಟ್ಟು 30 ದಿನ ಕಾದು, ಉತ್ತರ ಬಂದಿಲ್ಲ ಅಥವಾ ಸರಿ ಬಂದಿಲ್ಲ ಅಂದ್ರೆ ರಿಸರ್ವ್ ಬ್ಯಾಂಕ್‌ನ ದೂರಿನ ಸೈಟಾದ ಸಿಎಂಎಸ್ ಪೋರ್ಟಲಲ್ಲಿ ಹಾಕಿ, ಸಹಾಯಕ್ಕೆ 14448. ಫೀಸ್ ಇಲ್ಲ. 2021ರ ಸ್ಕೀಮ್‌ನಲ್ಲಿ ನಷ್ಟಕ್ಕೆ 20 ಲಕ್ಷದವರೆಗೆ, ಓಡಾಟ, ಮಾನಸಿಕ ಹಿಂಸೆಗೆ 1 ಲಕ್ಷದವರೆಗೆ ಕೊಡಿಸೋ ಅಧಿಕಾರ ಇತ್ತು, ಆ ಎರಡನೇದನ್ನ ಕೇಳೋದು ಎಲ್ಲರೂ ಮರೀತಾರೆ. ಕೇಳ್ದೇ ಯಾರೂ ಕೊಡಲ್ಲ. ರಜಾ ಹಾಕಿದ್ದು, ಆಟೋ ಬಿಲ್ಲು, ತಪ್ಪು ಸಾಲದಿಂದ ಹೋಮ್ ಲೋನ್ ರಿಜೆಕ್ಟ್ ಆದ ಪತ್ರ, ಎಲ್ಲ ಇಟ್ಕೊಳ್ಳಿ.

ಲೀಕ್ ಮಾಡಿದ್ದು ಶಾಪಿಂಗ್ ಆ್ಯಪೋ ಆಸ್ಪತ್ರೆಯೋ ಆಗಿದ್ರೆ ಗ್ರಾಹಕ ಆಯೋಗ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ ನೋಡಿ, ಎಷ್ಟೋ ಅಲ್ಲೇ ಮುಗಿಯುತ್ತೆ. ಇಲ್ಲಾಂದ್ರೆ ಇ-ಜಾಗೃತಿ ಪೋರ್ಟಲಲ್ಲಿ ಮನೇಲಿ ಕೂತೇ ಕೇಸ್ ಹಾಕ್ಬಹುದು. ನೀವು ಆ ಸೇವೆಗೆ ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಫೀಸ್ ಇಲ್ಲ, ಎರಡು ವರ್ಷದೊಳಗೆ ಹಾಕ್ಬೇಕು. ಬರೀ ಡೇಟಾ ಹೋಯ್ತು ಅಂದ್ರೆ ಆಯೋಗದಲ್ಲಿ ಗೆಲ್ಲೋದು ಕಷ್ಟ, ಹೋಗಿದ್ದರಿಂದ ನಿಮಗೆ ಏನು ನಷ್ಟ ಆಯ್ತು ಅಂತ ತೋರಿಸ್ಬೇಕು.

ಮೂರನೇ ದಾರಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಐಟಿ ಕಾಯ್ದೆ 43ಎ ಪ್ರಕಾರ ಕಂಪನಿ ನಿಮ್ಮ ಮಾಹಿತೀನ ಸರಿಯಾಗಿ ಕಾಪಾಡದೇ ನಷ್ಟ ಆಗಿದ್ರೆ ಪರಿಹಾರ ಕೊಡ್ಬೇಕು. ಕೇಳೋದು ಕೋರ್ಟಲ್ಲಲ್ಲ, ರಾಜ್ಯದ ಐಟಿ ಕಾರ್ಯದರ್ಶಿ ಅಡ್ಜುಡಿಕೇಟಿಂಗ್ ಆಫೀಸರ್ (ಇಂಥ ದೂರು ತೀರ್ಮಾನ ಮಾಡೋ ಅಧಿಕಾರಿ) ಆಗಿರ್ತಾರೆ, 5 ಕೋಟಿವರೆಗಿನ ಕ್ಲೇಮ್ ಅವರ ಮುಂದೆ. ಆದ್ರೆ ಪಾಸ್‌ವರ್ಡ್, ಬ್ಯಾಂಕ್ ಮತ್ತು ಕಾರ್ಡ್ ವಿವರ, ಆರೋಗ್ಯ ದಾಖಲೆ, ಬಯೋಮೆಟ್ರಿಕ್ ಇಂಥ ಸೂಕ್ಷ್ಮ ಮಾಹಿತಿಗೆ ಮಾತ್ರ, ಹೆಸರು ಫೋನ್ ನಂಬರ್‌ಗೆ ಇದು ಬರಲ್ಲ.

ಮತ್ತೆ ಈ ದಾರಿಗೆ ಬಾಗಿಲು ಹಾಕೋ ಟೈಮೂ ಹತ್ರ ಬರ್ತಿದೆ. 2023ರ ಡಿಪಿಡಿಪಿ ಕಾಯ್ದೆ (ಜನರ ಡಿಜಿಟಲ್ ಮಾಹಿತಿ ಕಾಪಾಡೋ ಹೊಸ ಕಾನೂನು) 43ಎ ತೆಗೆದುಹಾಕುತ್ತೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದ್ವು, ಮುಖ್ಯ ಭಾಗ 18 ತಿಂಗಳಾದ್ಮೇಲೆ, ಅಂದ್ರೆ 2027ರ ಮೇ ಹೊತ್ತಿಗೆ ಜಾರಿ. ಆಗಿಂದ ಲೀಕ್ ಆದ್ರೆ ಕಂಪನಿ ನಿಮಗೆ ತಿಳಿಸಲೇಬೇಕು, ಭದ್ರತೆ ಇಟ್ಟಿಲ್ಲ ಅಂದ್ರೆ ದಂಡ 250 ಕೋಟಿವರೆಗೂ ಹೋಗ್ಬಹುದು. ಕೇಳೋಕೆ ಭಾರೀ ಚೆನ್ನಾಗಿದೆ. ಆದ್ರೆ ದಂಡದ ದುಡ್ಡು ಸರ್ಕಾರದ ಖಜಾನೆಗೆ, ಡೇಟಾ ಕಳ್ಕೊಂಡ ನಿಮಗೆ ಅದರಲ್ಲಿ ಪಾಲಿಲ್ಲ. ನನ್ನ ಕೇಳಿದ್ರೆ ಇದು ಮುಂದೆ ಹೋಗಿ ಹಿಂದೆ ಬಂದಂಗೆ. ನಿಮ್ಮದು ಆರೋಗ್ಯ ಅಥವಾ ಬ್ಯಾಂಕ್ ಮಾಹಿತಿ ಹೋಗಿ ನಷ್ಟ ಆಗಿರೋ ಕೇಸಾದ್ರೆ, ಸೈಬರ್ ಕಾನೂನು ಗೊತ್ತಿರೋ ಲಾಯರ್ ಹತ್ರ ಈಗಲೇ ಒಂದ್ಸಲ ಮಾತಾಡಿ.

ಇನ್ನೊಂದು, ದೊಡ್ಡ ಲೀಕ್ ಆದ ವಾರದಲ್ಲೇ "ನಿಮಗೆ ಪರಿಹಾರ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ" ಅಂತ ಕಾಲ್ ಬಂದ್ರೆ ಅವನೂ ಕಳ್ಳನೇ. 2017ರ ಈಕ್ವಿಫ್ಯಾಕ್ಸ್ ಲೀಕ್‌ಗೆ ಅಮೆರಿಕದಲ್ಲಿ ಸೆಟಲ್‌ಮೆಂಟ್ ಆದಾಗ್ಲೂ ಅಲ್ಲಿನ ಸರ್ಕಾರಿ ಏಜೆನ್ಸಿನೇ ಜನಕ್ಕೆ ಹೇಳ್ಬೇಕಾಯ್ತು, ಕ್ಲೇಮ್ ಹಾಕೋಕೆ ಯಾರಿಗೂ ದುಡ್ಡು ಕೊಡ್ಬೇಕಿಲ್ಲ ಅಂತ. ಇಲ್ಲಿ ಓಂಬುಡ್ಸ್‌ಮನ್ ಆಗ್ಲಿ ಪೊಲೀಸರಾಗ್ಲಿ ನಿಮ್ಮ ದುಡ್ಡು ಬಿಡಿಸೋಕೆ ಯುಪಿಐ ಕಳಿಸಿ ಅನ್ನಲ್ಲ. ಅಂಥ ನಂಬರನ್ನ ಸಂಚಾರ್ ಸಾಥಿಯ ಚಕ್ಷು ಭಾಗದಲ್ಲಿ ಹಾಕಿ, ಆಮೇಲೆ ಬ್ಲಾಕ್ ಮಾಡಿ.